ಯುವ ಮಿತ್ರರೊಡನೆ: ‘ಇನ್‌ಕಮಿಂಗ್ ಫ್ರೀ ಅಲ್ಲವಾ ಅಂಕಲ್?’



ಕಳೆದ ತಿಂಗಳು ನಮ್ಮ ಸಂಘದ ಸಭೆ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಕಾಲೇಜಿಗೆ ಹೋಗುವ ಹುಡುಗನೊಬ್ಬ ನನ್ನ ಬಳಿ ಬಂದು ನಿಂತ. ಕಾರ್ಕಳದ ಕಡೆಯ ಹಳ್ಳಿಯಲ್ಲಿ ಅವನ ಅಜ್ಜಿ ಒಬ್ಬರೇ ಇದ್ದಾರೆ. ಅವರ ಕೈಯಲ್ಲಿ ಬಟನ್ ಒತ್ತುವ ಹಳೆಯ ಮೊಬೈಲು. ಅದಕ್ಕೆ 28 ದಿನಕ್ಕೊಮ್ಮೆ ಸಾಂತಾಕ್ರೂಜ್‌ನ ಮನೆಯಿಂದ ರೀಚಾರ್ಜ್ ಮಾಡುವ ಕೆಲಸ ಈ ಹುಡುಗನದು. ಪರೀಕ್ಷೆಯ ಗಡಿಬಿಡಿಯಲ್ಲಿ ಒಂದು ಸಲ ಮರೆತುಹೋಯಿತು. ಅದೇ ವಾರ ಅಜ್ಜಿಗೆ ಜ್ವರ ಬಂತು. ಮಗನಿಗೆ ತಿಳಿಸೋಣವೆಂದು ಗುಂಡಿ ಒತ್ತಿದರೆ ಯಂತ್ರದ ದನಿ ಏನೋ ಹೇಳುತ್ತದೆ, ಕರೆ ಹೋಗುವುದಿಲ್ಲ. ಕೆಲವು ದಿನ ಕಳೆದ ಮೇಲೆ ಇಲ್ಲಿಂದ ಮಾಡಿದ ಕರೆಯೂ ಅಲ್ಲಿಗೆ ತಲುಪಲಿಲ್ಲ. ಕೊನೆಗೆ ಪಕ್ಕದ ಮನೆಯವರು ತಮ್ಮ ಫೋನಿನಿಂದ ವಿಷಯ ತಿಳಿಸಿದರು. ಅಜ್ಜಿ ಈಗ ಗುಣಮುಖರಾಗಿದ್ದಾರೆ. ಆದರೆ ಹುಡುಗನ ಮನಸ್ಸಿನಲ್ಲಿ ಮುಳ್ಳೊಂದು ಉಳಿದಿತ್ತು.

“ಅಂಕಲ್, ಅಜ್ಜಿಗೆ ನಾವು ಫೋನ್ ಮಾಡಿದರೆ ದುಡ್ಡು ಕೊಡುವವರು ನಾವು. ಇನ್‌ಕಮಿಂಗ್ ಫ್ರೀ ಅಲ್ಲವಾ? ಮತ್ತೆ ಅಜ್ಜಿಯ ಫೋನ್ ಯಾಕೆ ಬಂದ್ ಆಯಿತು?” ಎಂದು ಕೇಳಿದ.

ಪ್ರಶ್ನೆ ಸಣ್ಣದು. ಉತ್ತರ ಮಾತ್ರ ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಹೇಳಿ ಮುಗಿಸುವಂಥದಲ್ಲ. ಆದ್ದರಿಂದ ಈ ಸಲದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ನಿಮ್ಮ ತಂದೆ ತಾಯಿಯರ ಕಾಲದಿಂದ ಆರಂಭಿಸೋಣ. ಊರಿನಿಂದ ಬಂದು ಇಲ್ಲಿನ ಹೋಟೆಲುಗಳಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತವರಿಗೆ ಫೋನು ಎಂದರೆ ಗಲ್ಲಾದ ಪಕ್ಕದಲ್ಲಿದ್ದ ಧಣಿಗಳ ಕಪ್ಪು ಪೆಟ್ಟಿಗೆ. ಚಾಳಿನಲ್ಲಿ ಒಂದು ಮನೆಗೆ ಫೋನಿದ್ದರೆ ಇಡೀ ಮಾಳಿಗೆಗೆ ಅದೇ ಫೋನು. ವಿಸಿಟಿಂಗ್ ಕಾರ್ಡಿನಲ್ಲೂ ಮದುವೆಯ ಆಮಂತ್ರಣ ಪತ್ರಿಕೆಯಲ್ಲೂ ನಂಬರಿನ ಜೊತೆಗೆ ‘ಪಿ.ಪಿ.’ ಎಂಬ ಎರಡು ಅಕ್ಷರ ಅಚ್ಚಾಗಿರುತ್ತಿತ್ತು. ಇದು ನನ್ನ ಫೋನಲ್ಲ, ನೆರೆಯವರದು, ನೀವು ಕರೆ ಮಾಡಿದರೆ ಅವರು ನನ್ನನ್ನು ಕೂಗಿ ಕರೆಯುತ್ತಾರೆ ಎಂದು ಅದರ ಅರ್ಥ. ಊರಿಗೆ ಮಾತನಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಬೇಕು. ಅದರಲ್ಲಿ ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂಬ ದರ್ಜೆಗಳು. ಲೈಟ್ನಿಂಗ್ ಕರೆಯ ದರ ಸಾಮಾನ್ಯ ಕರೆಯ ಎಂಟು ಪಟ್ಟು. ಲೈಟ್ನಿಂಗ್ ಕಾಲ್ ಬಂತೆಂದರೆ ಮನೆಯವರಿಗೆ ಮೊದಲು ಬರುತ್ತಿದ್ದುದು ಅಳು. ಶುಭ ಸಮಾಚಾರಕ್ಕೆ ಅಷ್ಟು ದುಡ್ಡು ಯಾರೂ ಸುರಿಯುತ್ತಿರಲಿಲ್ಲ.

ಮುಂದೆ ಹಳದಿ ಬೋರ್ಡಿನ ಎಸ್.ಟಿ.ಡಿ. ಬೂತುಗಳು ಬಂದವು. ರಾತ್ರಿ 11 ಗಂಟೆಯ ನಂತರ ಕಾಲು ದರ ಎಂದು ವಾಕೋಲಾದ ಬೂತಿನ ಮುಂದೆ ಆ ಹೊತ್ತಿಗೆ ಸರತಿ ಸಾಲು. ಗಾಜಿನ ಕೋಣೆಯೊಳಗೆ ನಿಂತವನ ಒಂದು ಕಣ್ಣು ಕೆಂಪು ಅಂಕೆಗಳು ಓಡುವ ಮೀಟರಿನ ಮೇಲೆಯೇ. “ಎಲ್ಲರೂ ಸೌಖ್ಯವಾ? ಮಳೆ ಬಂತಾ? ದುಡ್ಡು ಸಿಕ್ಕಿತಾ?” ಎಂದು ಕೇಳಿ ಮುಗಿಸುವಷ್ಟರಲ್ಲಿ ಅರ್ಧ ದಿನದ ಸಂಬಳ ಹೋಗುತ್ತಿತ್ತು.

ಇಂಥ ಹೊತ್ತಿನಲ್ಲಿ ಮೊಬೈಲು ಬಂತು. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದಿಲ್ಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಮ್ ಅವರೊಂದಿಗೆ ಮಾತನಾಡಿದ್ದು ದೇಶದ ಮೊದಲ ಮೊಬೈಲ್ ಕರೆ. ಅದೇ ವರ್ಷ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಸಾರ್ವಜನಿಕರಿಗೆ ಇಂಟರ್‌ನೆಟ್ ಒದಗಿಸಿತು. ಮುಂಬಯಿಯಲ್ಲಿ ಆಗ ಮೊಬೈಲು ಸೇವೆಯ ಪರವಾನಿಗೆ ಇದ್ದುದು ಎರಡೇ ಕಂಪೆನಿಗಳಿಗೆ: ಬಿ.ಪಿ.ಎಲ್. ಮೊಬೈಲ್ ಮತ್ತು ಮ್ಯಾಕ್ಸ್ ಟಚ್ ಹೆಸರಿನ ಹಚಿಸನ್ ಮ್ಯಾಕ್ಸ್. ನಿಮಿಷಕ್ಕೆ 16 ರೂಪಾಯಿಯವರೆಗೆ ದರ. ಕರೆ ಮಾಡಿದವನೂ ಕೊಡಬೇಕು, ಕರೆ ತೆಗೆದುಕೊಂಡವನೂ ಕೊಡಬೇಕು. ಆದ್ದರಿಂದ ಮೊಬೈಲು ಇದ್ದವರು ಅದು ರಿಂಗಾದಾಗ ನಂಬರು ನೋಡಿ ಕತ್ತರಿಸಿ, ಹತ್ತಿರದ ಬೂತಿಗೆ ಓಡಿ, ಅಲ್ಲಿಂದ ತಿರುಗಿ ಮಾತನಾಡುತ್ತಿದ್ದರು. ಈಗ ಇದನ್ನು ಕೇಳಿದರೆ ನಿಮಗೆ ನಗು ಬರಬಹುದು.

ಆ 16 ರೂಪಾಯಿ ಇಳಿದ ಬಗೆಯನ್ನು ಸ್ವಲ್ಪ ಗಮನವಿಟ್ಟು ನೋಡಿ. 1997ರಲ್ಲಿ ಟ್ರಾಯ್ ಎಂಬ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಸ್ಥಾಪನೆಯಾಯಿತು. 1999ರ ಹೊಸ ನೀತಿಯಲ್ಲಿ, ಕಂಪೆನಿಗಳು ಸರಕಾರಕ್ಕೆ ದೊಡ್ಡ ನಿಗದಿತ ಶುಲ್ಕ ಕಟ್ಟುವ ಬದಲು ಆದಾಯದ ಪಾಲು ಕೊಟ್ಟರೆ ಸಾಕೆಂದಾಯಿತು. 2001ರಲ್ಲಿ ಸರಕಾರಿ ಎಂ.ಟಿ.ಎನ್.ಎಲ್. ಮುಂಬಯಿಯ ಮೂರನೆಯ ಮೊಬೈಲು ಕಂಪೆನಿಯಾಗಿ ಬಂತು. ಮರುವರ್ಷ ಏರ್‌ಟೆಲ್ ನಾಲ್ಕನೆಯದಾಯಿತು. 2002ರ ಡಿಸೆಂಬರ್‌ನಲ್ಲಿ ರಿಲಯನ್ಸ್ ಇನ್ಫೋಕಾಂ ಕಡಿಮೆ ದರದೊಂದಿಗೆ ಕಣಕ್ಕಿಳಿಯಿತು. 2003ರ ಮೇ 1ರಿಂದ, ಕರೆ ಮಾಡಿದವನೇ ಹಣ ಕೊಡುವ ಪದ್ಧತಿ ಬಂದು ಒಳಬರುವ ಕರೆ ಉಚಿತವಾಯಿತು. 2006ರ ಮಾರ್ಚ್‌ನಲ್ಲಿ ಬಿ.ಎಸ್.ಎನ್.ಎಲ್. ಮತ್ತು ಎಂ.ಟಿ.ಎನ್.ಎಲ್. ‘ಒನ್ ಇಂಡಿಯಾ’ ಯೋಜನೆ ತಂದು ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದು ರೂಪಾಯಿ ಎಂದವು. ಅಂದು ಮುಂಬಯಿಯಿಂದ ಉಡುಪಿಗೆ ಮಾತನಾಡುವುದೂ ಅಂಧೇರಿಗೆ ಮಾತನಾಡುವುದೂ ಹೆಚ್ಚು ಕಡಿಮೆ ಒಂದೇ ಆಯಿತು. 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ ಒಂದು ಪೈಸೆ ಎಂದಿತು. ಉಳಿದವರೂ ಅದೇ ದಾರಿ ಹಿಡಿದರು.

ಈ ಮೆಟ್ಟಿಲುಗಳಲ್ಲಿ ಒಂದಾದರೂ ಯಾವುದೋ ಕಂಪೆನಿಯ ದಯೆಯಿಂದ ಬಂದದ್ದೇ? ದರ ಇಳಿದಾಗಲೆಲ್ಲ ಒಂದೋ ಹೊಸ ಸ್ಪರ್ಧಿ ಬಂದಿದ್ದ, ಇಲ್ಲವೇ ಸರಕಾರದ ಅಥವಾ ಟ್ರಾಯ್‌ನ ಹೊಸ ನಿಯಮ ಬಂದಿತ್ತು. ತಂತ್ರಜ್ಞಾನ ಅಗ್ಗವಾದದ್ದೂ ನಿಜ. ಆದರೆ ಆ ಅಗ್ಗದ ಪಾಲು ಗ್ರಾಹಕನ ಕೈಗೆ ಬರುವುದಕ್ಕೆ ಮಾರುಕಟ್ಟೆಯಲ್ಲಿ ನಾಲ್ಕು ಅಂಗಡಿಗಳಿರಬೇಕು. ನಮ್ಮ ಹೋಟೆಲು ಉದ್ಯಮದವರಿಗೆ ಈ ಮಾತನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ.

2016ರ ಸೆಪ್ಟೆಂಬರ್ 5ರಂದು ಜಿಯೋ ಬಂದದ್ದು ಈ ಕಥೆಯ ದೊಡ್ಡ ತಿರುವು. ಮಾತಿಗೆ ದುಡ್ಡಿಲ್ಲ, ಡಾಟಾಕ್ಕೆ ಮಾತ್ರ ದುಡ್ಡು ಎಂದಿತು ಅದು. ಹಾಗೆ ಹೇಳಲು ಸಾಧ್ಯವಾದದ್ದಕ್ಕೆ ತಾಂತ್ರಿಕ ಕಾರಣವೂ ಇದೆ. ಹಳೆಯ ಪದ್ಧತಿಯಲ್ಲಿ ಇಬ್ಬರು ಮಾತನಾಡಲು ಆರಂಭಿಸಿದರೆ ಮುಗಿಯುವವರೆಗೆ ಇಡೀ ಒಂದು ದಾರಿಯನ್ನು ಅವರಿಬ್ಬರಿಗಾಗಿಯೇ ಕಾದಿಡಬೇಕಿತ್ತು. ಸಾಂತಾಕ್ರೂಜ್‌ನಿಂದ ಚರ್ಚ್‌ಗೇಟಿಗೆ ಒಬ್ಬನೇ ಟ್ಯಾಕ್ಸಿ ಮಾಡಿಕೊಂಡು ಹೋದ ಹಾಗೆ. ಸುಮ್ಮನಿದ್ದರೂ ಮೀಟರು ಓಡುತ್ತದೆ. ಹೊಸ ಪದ್ಧತಿ ನಮ್ಮ ಡಬ್ಬಾವಾಲಾಗಳದು. ನಿಮ್ಮ ಮಾತನ್ನು ಸೆಕೆಂಡಿನ ಐವತ್ತನೆಯ ಒಂದು ಭಾಗದಷ್ಟು ಸಣ್ಣ ಸಣ್ಣ ತುಂಡುಗಳಾಗಿ ಕತ್ತರಿಸಿ, ಒಂದೊಂದನ್ನೂ ಡಬ್ಬಿಗೆ ತುಂಬಿ, ಮುಚ್ಚಳದ ಮೇಲೆ ವಿಳಾಸ ಬರೆದು, ಇತರರ ಡಬ್ಬಿಗಳ ಜೊತೆಗೇ ಒಂದೇ ಗಾಡಿಯಲ್ಲಿ ಕಳುಹಿಸುತ್ತಾರೆ. ಸಿನಿಮಾ, ಫೋಟೊ, ಬ್ಯಾಂಕಿನ ಲೆಕ್ಕ ಎಲ್ಲವೂ ಅದೇ ಗಾಡಿಯಲ್ಲಿ. ಆ ಕಡೆ ಇಳಿಸಿಕೊಂಡು ಕ್ರಮವಾಗಿ ಜೋಡಿಸಿದರೆ ಅಜ್ಜಿಯ ದನಿ ಕೇಳಿಸುತ್ತದೆ. ಇಂಟರ್‌ನೆಟ್ ಕರೆ ಎಂದರೆ ಇಷ್ಟೇ. ಜಿಯೋ ಬಳಸಿದ ವೋಲ್ಟಿ, ನಿಮ್ಮ ವಾಟ್ಸ್‌ಆ್ಯಪ್ ಕರೆ, ಮನೆಯ ವೈಫೈ ಮೂಲಕ ಹೋಗುವ ಕರೆ, ಇವೆಲ್ಲ ಇದೇ ಜಾತಿಯವು. ಸಿನಿಮಾ ಹೊರುವ ಗಾಡಿಗೆ ಮಾತಿನ ಡಬ್ಬಿ ಒಂದು ಭಾರವೇ ಅಲ್ಲ.

ಹಾಗಾದರೆ ಅಜ್ಜಿಯ ಫೋನಿನ ಖರ್ಚು ಇಳಿಯಬೇಕಿತ್ತಲ್ಲವೇ? ಏರಿತು. ಇದಕ್ಕೆ ಕಾರಣ ತಿಳಿಯಬೇಕಾದರೆ ಮೈದಾನದಲ್ಲಿ ಉಳಿದವರು ಯಾರು ಎಂದು ಎಣಿಸಬೇಕು. 2010ರ ಸುಮಾರಿಗೆ ಮುಂಬಯಿಯಲ್ಲಿ ಹತ್ತಾರು ಹೆಸರುಗಳಿದ್ದವು. ಆ ವರ್ಷದ 3ಜಿ ಹರಾಜಿನಲ್ಲಿ ಮುಂಬಯಿ ಎಂಬ ಒಂದು ವಲಯದ ಒಂದು ಪಾಲಿಗೆ ಸುಮಾರು 3,247 ಕೋಟಿ ರೂಪಾಯಿ ಬೆಲೆ ಏರಿತು. ಕಂಪೆನಿಗಳು ಸಾಲ ಮಾಡಿ ಕೊಂಡವು. 2012ರ ಫೆಬ್ರವರಿ 2ರಂದು ಸುಪ್ರೀಂ ಕೋರ್ಟು 122 ಪರವಾನಿಗೆಗಳನ್ನು ರದ್ದುಗೊಳಿಸಿತು. ಬಿ.ಪಿ.ಎಲ್. ಮೊಬೈಲು ಲೂಪ್ ಎಂದು ಹೆಸರು ಬದಲಿಸಿಕೊಂಡು 2014ರ ನವೆಂಬರ್‌ನಲ್ಲಿ ಬಾಗಿಲು ಮುಚ್ಚಿತು. ಮುಂಬಯಿಯ ಲಕ್ಷಾಂತರ ಮಂದಿ ಅಂಗಡಿಯ ಬೋರ್ಡಿನಲ್ಲಿ ಬರೆಸಿದ್ದ ನಂಬರನ್ನು ಉಳಿಸಿಕೊಳ್ಳಲು ಬೇರೆ ಕಂಪೆನಿಗೆ ಓಡಬೇಕಾಯಿತು. ಜಿಯೋ ಬಂದ ಮೇಲೆ ರಿಲಯನ್ಸ್ ಕಮ್ಯುನಿಕೇಶನ್ಸ್, ಏರ್‌ಸೆಲ್, ಟೆಲಿನಾರ್, ಟಾಟಾ ಒಂದೊಂದಾಗಿ ಕಣದಿಂದ ಮರೆಯಾದವು. 2018ರ ಆಗಸ್ಟ್‌ನಲ್ಲಿ ವೊಡಾಫೋನ್ ಮತ್ತು ಐಡಿಯಾ ಒಂದಾದವು. 2019ರ ಅಕ್ಟೋಬರ್‌ನಲ್ಲಿ ಸರಕಾರಕ್ಕೆ ಸಲ್ಲಬೇಕಾದ ಆದಾಯದ ಪಾಲಿನ ಬಗ್ಗೆ ಸುಪ್ರೀಂ ಕೋರ್ಟಿನ ತೀರ್ಪು ಬಂದಾಗ, ಆ ಒಂದು ಕಂಪೆನಿಯ ತಲೆಯ ಮೇಲೆ ಸುಮಾರು 58 ಸಾವಿರ ಕೋಟಿ ರೂಪಾಯಿಯ ಬಾಕಿ ಕೂತಿತು. ಬಾಕಿಯ ಸ್ವಲ್ಪ ಭಾಗವನ್ನು ಸರಕಾರ ಪಾಲು ಬಂಡವಾಳವಾಗಿ ಪರಿವರ್ತಿಸಿಕೊಂಡು, 2025ರಲ್ಲಿ ಅದರ ಸುಮಾರು ಶೇಕಡಾ 49ರಷ್ಟರ ಒಡೆಯನಾಯಿತು. ಕೊನೆಗೆ ಉಳಿದವು ಮೂರು ಖಾಸಗಿ ಕಂಪೆನಿಗಳು, ಅವುಗಳಲ್ಲಿ ಒಂದು ಅಶಕ್ತ. ಜೊತೆಗೆ ಸರಕಾರಿ ಬಿ.ಎಸ್.ಎನ್.ಎಲ್.

ಈಗ ಹುಡುಗನ ಪ್ರಶ್ನೆಗೆ ಬರೋಣ. ಇನ್‌ಕಮಿಂಗ್ ಕರೆಗೆ ನಿಮಿಷದ ಲೆಕ್ಕದಲ್ಲಿ ಈಗಲೂ ದುಡ್ಡಿಲ್ಲ. ಆದರೆ ಸಿಮ್ ಜೀವಂತವಾಗಿರಬೇಕಾದರೆ ಬಾಡಿಗೆ ಕೊಡಬೇಕು ಎಂಬ ಪದ್ಧತಿ 2018ರ ಕೊನೆಯಲ್ಲಿ ಬಂತು. ಆಗ ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾ 28 ದಿನಕ್ಕೆ 35 ರೂಪಾಯಿಯ ಕನಿಷ್ಠ ರೀಚಾರ್ಜ್ ತಂದವು. ಹಂತ ಹಂತವಾಗಿ ಏರಿ, 2024ರ ಜುಲೈಯ ದರ ಏರಿಕೆಯ ನಂತರ ಏರ್‌ಟೆಲ್‌ನಲ್ಲಿ ಅದೇ 28 ದಿನಕ್ಕೆ 199 ರೂಪಾಯಿಯಾಯಿತು. ಅದರಲ್ಲಿ ಡಾಟಾವೂ ಸೇರಿದೆ ಎನ್ನಬಹುದು. ಬಟನ್ ಫೋನಿನ ಅಜ್ಜಿಗೆ ಡಾಟಾ ಏನಕ್ಕೆ? ಊಟ ಬೇಡವೆಂದರೂ ಚಹಾದ ಜೊತೆಗೆ ಊಟದ ಬಿಲ್ಲನ್ನೂ ಕೊಡಿ ಎಂದ ಹಾಗಾಯಿತು. ಇನ್ನೊಂದು ಲೆಕ್ಕ ನೋಡಿ. ತಿಂಗಳಿಗೆ 28 ದಿನವೆಂದರೆ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ರೀಚಾರ್ಜು. 199 ರೂಪಾಯಿಯಂತೆ ಹದಿಮೂರಕ್ಕೆ 2,587 ರೂಪಾಯಿ.

ಕಂಪೆನಿಗಳ ಪಕ್ಷದಲ್ಲೂ ನ್ಯಾಯವಿಲ್ಲವೆಂದು ನಾನು ಹೇಳುವುದಿಲ್ಲ. ಟವರು, ಕರೆಂಟು, ತರಂಗಾಂತರದ ಹರಾಜು, 5ಜಿ ಜಾಲ ಎಲ್ಲಕ್ಕೂ ಹಣ ಬೇಕು. 2016ರ ನಂತರದ ಕೆಲವು ವರ್ಷಗಳ ದರದಲ್ಲಿ ಯಾವ ಕಂಪೆನಿಯೂ ಬಹುಕಾಲ ಬದುಕಲು ಸಾಧ್ಯವಿರಲಿಲ್ಲ. ಬದುಕಲಿಲ್ಲ ಕೂಡ. ಆದರೆ ಆ ಖರ್ಚನ್ನು ತುಂಬುವವರಲ್ಲಿ, ದಿನವಿಡೀ ವಿಡಿಯೋ ನೋಡುವ ನೀವೂ ವಾರಕ್ಕೆ ನಾಲ್ಕು ಕರೆ ಮಾತನಾಡುವ ಅಜ್ಜಿಯೂ ಒಂದೇ ಸಾಲಿನಲ್ಲಿ ನಿಲ್ಲಬೇಕೇ?

ಈ ಪ್ರಶ್ನೆಯನ್ನು ಟ್ರಾಯ್ ಕೂಡ ಕೇಳಿಕೊಂಡಿತು. ದೇಶದಲ್ಲಿ ಸುಮಾರು 15 ಕೋಟಿ ಮಂದಿ ಇಂಥ ಸಾದಾ ಫೋನು ಬಳಸುವವರಿದ್ದಾರೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡು, 2024ರ ಡಿಸೆಂಬರ್ 23ರಂದು ನಿಯಮ ತಿದ್ದಿತು. ಪ್ರತಿಯೊಂದು ಕಂಪೆನಿಯೂ ಮಾತು ಮತ್ತು ಎಸ್.ಎಂ.ಎಸ್.ಗೆ ಮಾತ್ರ ಮೀಸಲಾದ ಪ್ಯಾಕ್ ಒಂದನ್ನಾದರೂ ಇಡಬೇಕು, ಇಂಥ ಪ್ಯಾಕಿನ ಅವಧಿ 365 ದಿನಗಳವರೆಗೆ ಇರಬಹುದು ಎಂದಿತು. ಅದರಂತೆ 2025ರ ಜನವರಿಯಲ್ಲಿ ಕಂಪೆನಿಗಳು ಅಂಥ ಪ್ಯಾಕುಗಳನ್ನು ತಂದವು. ಏರ್‌ಟೆಲ್‌ನದು ವರ್ಷಕ್ಕೆ 1,849 ರೂಪಾಯಿ, ಜಿಯೋದು 336 ದಿನಗಳಿಗೆ 1,748 ರೂಪಾಯಿ. ಮೇಲಿನ ಲೆಕ್ಕಕ್ಕೆ ಹೋಲಿಸಿದರೆ ಏರ್‌ಟೆಲ್ ಗ್ರಾಹಕನಿಗೆ ವರ್ಷಕ್ಕೆ 738 ರೂಪಾಯಿ ಉಳಿತಾಯ. ಅದಕ್ಕಿಂತ ಹೆಚ್ಚಾಗಿ, ಹದಿಮೂರು ಸಲ ನೆನಪಿಟ್ಟುಕೊಳ್ಳುವ ಕೆಲಸ ತಪ್ಪಿತು. ದರಗಳು ಆಗಾಗ ಬದಲಾಗುತ್ತವೆ, ಆದ್ದರಿಂದ ನೀವೇ ಆ್ಯಪ್ ತೆರೆದು ನೋಡಿ. ಇಂಥ ಪ್ಯಾಕು ಮೊದಲ ಪುಟದಲ್ಲಿ ಕಣ್ಣಿಗೆ ಬೀಳದಿದ್ದರೆ ಹುಡುಕಿ. ಅಜ್ಜಿಗೆ ಹುಡುಕಲು ಬರುವುದಿಲ್ಲ, ನಿಮಗೆ ಬರುತ್ತದೆ.

“ಅಂಕಲ್, ಇನ್ನು ಸಿಮ್ ಯಾರಿಗೆ ಬೇಕು? ಎಲ್ಲ ವಾಟ್ಸ್‌ಆ್ಯಪ್‌ನಲ್ಲೇ ಆಗುತ್ತದಲ್ಲ” ಎಂದು ನಿಮ್ಮಲ್ಲಿ ಕೆಲವರು ಹೇಳಬಹುದು. ಇಂಟರ್‌ನೆಟ್ ಕರೆಯ ಕಥೆಯನ್ನೂ ಸ್ವಲ್ಪ ಕೇಳಿ. ನಮ್ಮ ದೇಶದಲ್ಲಿ ಅದಕ್ಕೆ ಅನುಮತಿ ದೊರೆತದ್ದು 2002ರ ಏಪ್ರಿಲ್ 1ರಂದು, ಅದೂ ಅರೆಬರೆಯಾಗಿ. ಕಂಪ್ಯೂಟರಿನಿಂದ ವಿದೇಶದ ಫೋನಿಗೆ ಮಾತನಾಡಬಹುದಿತ್ತು, ಆದರೆ ದೇಶದೊಳಗಿನ ಸಾಮಾನ್ಯ ಫೋನಿಗೆ ಮಾತನಾಡುವಂತಿರಲಿಲ್ಲ. ಆ ಬಾಗಿಲು ಸರಿಯಾಗಿ ತೆರೆದದ್ದು 2018ರಲ್ಲಿ. ಈ ನಡುವೆ 2014ರ ಡಿಸೆಂಬರ್ ಕೊನೆಯಲ್ಲಿ, ಇಂಟರ್‌ನೆಟ್ ಕರೆಗಳಿಗೆ ಪ್ರತ್ಯೇಕ ದರ ವಿಧಿಸುವುದಾಗಿ ಏರ್‌ಟೆಲ್ ಪ್ರಕಟಿಸಿತು. ಜನರ ಪ್ರತಿಭಟನೆ ಎದ್ದಿತು, ಕೆಲವೇ ದಿನಗಳಲ್ಲಿ ಕಂಪೆನಿ ಹಿಂದೆ ಸರಿಯಿತು. 2015ರಲ್ಲಿ ಟ್ರಾಯ್ ಈ ಬಗ್ಗೆ ಅಭಿಪ್ರಾಯ ಕೇಳಿದಾಗ ಹತ್ತು ಲಕ್ಷಕ್ಕೂ ಹೆಚ್ಚು ಇ-ಮೇಲುಗಳು ಹೋದವು. ಮುಂಬಯಿಯ ಯುವ ಹಾಸ್ಯಗಾರರ ತಂಡವೊಂದು ಮಾಡಿದ ವಿಡಿಯೋ ಅದಕ್ಕೆ ದೊಡ್ಡ ಪ್ರೇರಣೆಯಾಗಿತ್ತು. 2016ರ ಫೆಬ್ರವರಿ 8ರಂದು, ಇಂಟರ್‌ನೆಟ್‌ನಲ್ಲಿ ಏನು ನೋಡುತ್ತೀರಿ ಎಂಬುದರ ಮೇಲೆ ಬೇರೆ ಬೇರೆ ದರ ವಿಧಿಸುವಂತಿಲ್ಲ ಎಂಬ ನಿಯಮ ಬಂತು. ನೀವಿಂದು ವಾಟ್ಸ್‌ಆ್ಯಪ್ ಕರೆಗೆ ಬೇರೆ ದುಡ್ಡು ಕೊಡದಿರುವುದು ಆ ಇ-ಮೇಲುಗಳ ಫಲ. ಬರೆದವರಲ್ಲಿ ಹೆಚ್ಚಿನವರು ನಿಮ್ಮ ವಯಸ್ಸಿನವರೇ.

ಬೇರೆ ದಾರಿ ಹಿಡಿದರೆ ಏನಾಗುತ್ತಿತ್ತು ಎಂಬುದಕ್ಕೆ ದುಬೈಯಲ್ಲಿರುವ ನಿಮ್ಮ ಚಿಕ್ಕಪ್ಪನನ್ನೋ ಮಾವನನ್ನೋ ಕೇಳಿ. ನಮ್ಮ ಕರಾವಳಿಯ ಎಷ್ಟು ಮನೆಗಳ ಮಕ್ಕಳು ಅಲ್ಲಿದ್ದಾರೆ! ಅಲ್ಲಿ ವರ್ಷಗಟ್ಟಲೆ ವಾಟ್ಸ್‌ಆ್ಯಪ್, ಸ್ಕೈಪ್ ಕರೆಗಳಿಗೆ ತಡೆಯಿತ್ತು. ಮಗುವಿನ ಮುಖ ನೋಡಬೇಕಾದರೆ ಅನುಮತಿ ಪಡೆದ ಬೇರೆ ಆ್ಯಪ್ ಹಾಕಿಕೊಂಡು, ಅದಕ್ಕೆ ಫೋನ್ ಕಂಪೆನಿಗೆ ತಿಂಗಳ ಹಣ ಕಟ್ಟಬೇಕಾಗಿತ್ತು. ನಮ್ಮಲ್ಲೂ ಈ ವಾದ ಸಂಪೂರ್ಣ ಮುಗಿದಿಲ್ಲ. ದೊಡ್ಡ ಆ್ಯಪ್‌ಗಳು ತಮ್ಮ ಜಾಲವನ್ನು ಬಳಸುವುದಕ್ಕೆ ಪಾಲು ಕೊಡಬೇಕೆಂದು ಮೊಬೈಲು ಕಂಪೆನಿಗಳ ಸಂಘಟನೆ ಕೆಲವು ವರ್ಷಗಳಿಂದ ಬೇಡಿಕೆ ಇಡುತ್ತ ಬಂದಿದೆ. ಹಾಗೇನಾದರೂ ಆದರೆ ಆ ಪಾಲನ್ನು ಆ್ಯಪ್‌ನವರು ಕೊನೆಗೆ ಯಾರಿಂದ ವಸೂಲು ಮಾಡುತ್ತಾರೆ ಎಂದು ನೀವೇ ಊಹಿಸಿ.

ಆ್ಯಪ್‌ಗಳ ಮೇಲೂ ಪೂರ್ತಿ ಭಾರ ಹಾಕುವಂತಿಲ್ಲ. ಒಂದು ಕಾಲದಲ್ಲಿ ಅಮೇರಿಕೆಯಲ್ಲಿದ್ದ ಮಕ್ಕಳೊಡನೆ ಮಾತೆಂದರೆ ಸ್ಕೈಪ್ ಎಂದಿತ್ತು. 2003ರಲ್ಲಿ ಹುಟ್ಟಿದ ಅದನ್ನು 2025ರ ಮೇ ತಿಂಗಳಲ್ಲಿ ಒಡೆಯರು ಮುಚ್ಚಿಬಿಟ್ಟರು. ವಾಟ್ಸ್‌ಆ್ಯಪ್‌ನಿಂದ 112ಕ್ಕೆ ಕರೆ ಮಾಡಲಾಗುವುದಿಲ್ಲ. ಅಜ್ಜಿಯ ಬಟನ್ ಫೋನಿಗೂ ಅದು ತಲುಪುವುದಿಲ್ಲ. ಸಿಮ್ ಇಲ್ಲದೆ ಬ್ಯಾಂಕಿನ ಓ.ಟಿ.ಪಿ.ಯೂ ಬರುವುದಿಲ್ಲ. ಅಗ್ಗದ ಕರೆಯ ಹಿಂದೆ ಕಳ್ಳರೂ ಬರುತ್ತಾರೆ. ಪೊಲೀಸ್ ಅಧಿಕಾರಿಯ ವೇಷದಲ್ಲಿ ವಿಡಿಯೋ ಕರೆ ಮಾಡಿ, ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ಹಿರಿಯರ ಉಳಿತಾಯ ದೋಚುವ ಜಾಲದ ಬಗ್ಗೆ 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯವರೇ ಬಾನುಲಿಯಲ್ಲಿ ಎಚ್ಚರಿಸಬೇಕಾಯಿತು. ಮನೆಯ ಹಿರಿಯರಿಗೆ ಒಂದೇ ಮಾತು ಹೇಳಿಕೊಡಿ: ಫೋನಿನಲ್ಲಿ ಯಾರನ್ನೂ ಬಂಧಿಸುವ ಕಾನೂನು ಈ ದೇಶದಲ್ಲಿಲ್ಲ. ಅಂಥ ಕರೆ ಬಂದರೆ ಕತ್ತರಿಸಿ 1930ಕ್ಕೆ ತಿಳಿಸಬೇಕು.

ಸಾಂತಾಕ್ರೂಜ್‌ನಲ್ಲಿ ಇರುವ ನಮಗೆ ಇನ್ನೊಂದು ಪಾಠವೂ ಆಗಿದೆ. ನಿಮ್ಮಲ್ಲಿ ಅನೇಕರು ಆಗ ಹುಟ್ಟಿರಲಿಲ್ಲ. 2005ರ ಜುಲೈ 26ರಂದು ಇಲ್ಲಿನ ಹವಾಮಾನ ಕೇಂದ್ರದಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ದಾಖಲಾಯಿತು. ಕಲೀನಾ ಮುಳುಗಿತು. ಮೊಬೈಲುಗಳು ಇದ್ದಕ್ಕಿದ್ದಂತೆ ಮೂಕವಾದವು. ಕಚೇರಿಗೆ ಹೋದವರು ಎಲ್ಲಿದ್ದಾರೆ ಎಂದು ತಿಳಿಯದೆ ಮನೆಮನೆಗಳಲ್ಲಿ ರಾತ್ರಿ ಕಳೆದವರ ಸಂಕಟ ಹೇಳತೀರದು. ಕರೆ ಅಗ್ಗವಾಗಿದ್ದರೆ ಸಾಲದು, ಆಪತ್ತಿನ ದಿನ ಅದು ಹೋಗಬೇಕು. ಅದಕ್ಕೆ ಬೇರೆ ಬೇರೆ ಜಾಲಗಳಿರಬೇಕು, ಒಂದು ಬಿದ್ದರೆ ಇನ್ನೊಂದು ಕೈ ಹಿಡಿಯಬೇಕು. ಒಂದೇ ಮನೆಯಲ್ಲಿ ನಾಲ್ವರ ಬಳಿಯೂ ಒಂದೇ ಕಂಪೆನಿಯ ಸಿಮ್ ಇದ್ದರೆ, ಅದು ಕೆಟ್ಟ ದಿನ ನಾಲ್ಕು ಫೋನುಗಳಿದ್ದರೂ ಒಂದೂ ಇಲ್ಲದಂತೆ.

ಊರಿನ ಕಥೆ ಇದಕ್ಕಿಂತ ಭಿನ್ನವಲ್ಲ. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಹಳ್ಳಿಯೊಂದರಲ್ಲಿ ಹುಡುಗಿಯೊಬ್ಬಳು ಮಳೆಯಲ್ಲಿ ರಸ್ತೆಬದಿ ಕುಳಿತು ಆನ್‌ಲೈನ್ ತರಗತಿ ಕೇಳುತ್ತಿದ್ದ, ತಂದೆ ಅವಳಿಗೆ ಕೊಡೆ ಹಿಡಿದು ನಿಂತಿದ್ದ ಚಿತ್ರ ದೇಶವೆಲ್ಲ ಸುತ್ತಿತು. ಮನೆಯಲ್ಲಿ ನೆಟ್‌ವರ್ಕ್ ಇರಲಿಲ್ಲ, ಅಷ್ಟೇ. ಘಟ್ಟದ ಬುಡದ ನಾಲ್ಕು ಮನೆಗಳಿಗಾಗಿ ಟವರು ಹಾಕಿದರೆ ಯಾವ ಕಂಪೆನಿಗೂ ಲಾಭವಿಲ್ಲ. ಇಲ್ಲಿ ಬರಿಯ ಸ್ಪರ್ಧೆಯಿಂದ ಕೆಲಸ ನಡೆಯುವುದಿಲ್ಲ, ಸರಕಾರದ ಕೈ ಬೇಕು. ಸರಕಾರದ ನೆರವಿನಿಂದ ಎದ್ದ ಸುಮಾರು 27 ಸಾವಿರ 4ಜಿ ಟವರುಗಳನ್ನು ಬಿ.ಎಸ್.ಎನ್.ಎಲ್., ಏರ್‌ಟೆಲ್, ಜಿಯೋ ಗ್ರಾಹಕರು ಪರಸ್ಪರ ಹಂಚಿಕೊಂಡು ಬಳಸುವ ವ್ಯವಸ್ಥೆ 2025ರ ಜನವರಿಯಲ್ಲಿ ಆರಂಭವಾಯಿತು. ಅದೇ ವರ್ಷ ಸೆಪ್ಟೆಂಬರ್ 27ರಂದು ಬಿ.ಎಸ್.ಎನ್.ಎಲ್.ನ ಸ್ವದೇಶಿ 4ಜಿ ಜಾಲ ಉದ್ಘಾಟನೆಯಾಯಿತು. ಅದರ ಟವರುಗಳ ರೇಡಿಯೋ ಉಪಕರಣ ತಯಾರಿಸಿದ್ದು ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಎಂಬುದು ಅಭಿಮಾನದ ವಿಷಯ. ಈ ಸರಕಾರಿ ಕಂಪೆನಿಯನ್ನು ನಿಧಾನಗತಿಯದೆಂದು ನಾವೆಲ್ಲ ತಮಾಷೆ ಮಾಡಿದ್ದೇವೆ. ಆದರೆ 2024ರ ಜುಲೈಯಲ್ಲಿ ಮೂರೂ ಖಾಸಗಿ ಕಂಪೆನಿಗಳು ಒಂದೇ ವಾರದಲ್ಲಿ ದರ ಏರಿಸಿದಾಗ ಏರಿಸದೆ ಉಳಿದದ್ದು ಅದೊಂದೇ. ಆ ಒಂದು ತಿಂಗಳಲ್ಲಿ ಅದಕ್ಕೆ ಸುಮಾರು 29 ಲಕ್ಷ ಗ್ರಾಹಕರು ಹೆಚ್ಚಾದರು. ಹೋಗಲು ಇನ್ನೊಂದು ಬಾಗಿಲಿದೆ ಎಂಬುದೇ ಗ್ರಾಹಕನ ಬಲ.

ಮುಂದೇನು? ಎರಡು ಸಂಗತಿಗಳ ಮೇಲೆ ಕಣ್ಣಿಡಿ ಎಂದು ಹೇಳುತ್ತೇನೆ. ಮೊದಲನೆಯದು ಉಪಗ್ರಹ. ಟವರಿಲ್ಲದ ಕಡೆಗೂ ಆಕಾಶದಿಂದ ಇಂಟರ್‌ನೆಟ್ ಕೊಡುವ ಸ್ಟಾರ್‌ಲಿಂಕ್‌ಗೆ 2025ರ ಜೂನ್‌ನಲ್ಲಿ ಭಾರತದ ಪರವಾನಿಗೆ ದೊರೆಯಿತು. ಹೊಸ ಸ್ಪರ್ಧಿ ಬಂದನೆಂದು ಸಂತೋಷಪಡುವ ಮೊದಲೇ, ಅದೇ ವರ್ಷ ಮಾರ್ಚ್‌ನಲ್ಲಿ ಏರ್‌ಟೆಲ್ ಮತ್ತು ಜಿಯೋ ಎರಡೂ ಅದರೊಡನೆ ಒಪ್ಪಂದ ಪ್ರಕಟಿಸಿದ್ದವು. ಹೊಸಬನೂ ಹಳಬರ ಅಂಗಡಿಯ ಮೂಲಕವೇ ಬಂದರೆ ಸ್ಪರ್ಧೆ ಎಷ್ಟು ಉಳಿದೀತು ಎಂಬುದನ್ನು ನೋಡಬೇಕು. ಎರಡನೆಯದು 2ಜಿ. ಮೊದಲ ಮೊಬೈಲ್ ಕರೆಗೆ 25 ವರ್ಷ ತುಂಬಿದ 2020ರ ಜುಲೈ 31ರಂದು ಮುಕೇಶ್ ಅಂಬಾನಿಯವರು 2ಜಿಯನ್ನು ಇತಿಹಾಸಕ್ಕೆ ಸೇರಿಸಬೇಕೆಂದು ಕರೆಯಿತ್ತಿದ್ದರು. ತಂತ್ರಜ್ಞಾನದ ದೃಷ್ಟಿಯಿಂದ ಅದು ಒಂದು ದಿನ ಆಗುವಂಥದ್ದೇ. ಆದರೆ ಅಂದು ಅಜ್ಜಿಯ ಫೋನು ಕರೆಂಟಿಲ್ಲದ ಟಾರ್ಚಿನಂತಾಗುತ್ತದೆ. 4ಜಿಯಲ್ಲಿ ನಡೆಯುವ ಬಟನ್ ಫೋನುಗಳು ಬಂದಿವೆ. 2023ರಲ್ಲಿ ಜಿಯೋ ಭಾರತ್ 999 ರೂಪಾಯಿಗೆ ಮಾರುಕಟ್ಟೆಗೆ ಬಂತು. ಆದರೆ ಆ ಫೋನು ಜಿಯೋ ಒಂದಕ್ಕೇ ಕಟ್ಟಿಹಾಕಿದ್ದು. ಎಲ್ಲ ಕಂಪೆನಿಗಳಿಗೂ ನಡೆಯುವ ಅಗ್ಗದ ಫೋನು, ಕೈಗೆಟಕುವ ಮಾತಿನ ಪ್ಯಾಕು ಇವೆರಡೂ ಸಿದ್ಧವಾಗುವ ಮೊದಲು 2ಜಿ ನಿಲ್ಲಿಸಬಾರದೆಂದು ಕೇಳುವವರು ಬೇಕು. ಅಜ್ಜಿ ಟ್ರಾಯ್‌ಗೆ ಇ-ಮೇಲ್ ಬರೆಯುವುದಿಲ್ಲ. 2015ರಲ್ಲಿ ಬರೆದವರಂತೆ ನೀವು ಬರೆಯಬಹುದು. ಟ್ರಾಯ್ ಪ್ರತಿಯೊಂದು ದೊಡ್ಡ ನಿರ್ಧಾರಕ್ಕೂ ಮೊದಲು ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ, ಎರಡು ಪುಟ ಬರೆದರೆ ಸಾಕು.

ಅಲ್ಲಿಯವರೆಗೆ ಮನೆಯಲ್ಲಿಯೇ ಮಾಡಬಹುದಾದ ಕೆಲಸಗಳಿವೆ. ಈ ಭಾನುವಾರ ಊರಿನ ಹಿರಿಯರ ಫೋನು ಯಾವ ಪ್ಯಾಕಿನಲ್ಲಿದೆ, ಎಂದು ಮುಗಿಯುತ್ತದೆ ಎಂದು ನೋಡಿ. ಅವರ ಮನೆಯಂಗಳದಲ್ಲಿ ಯಾವ ಕಂಪೆನಿಯ ಸಿಗ್ನಲ್ ಚೆನ್ನಾಗಿ ಬರುತ್ತದೆ ಎಂದು ಜಾಹೀರಾತನ್ನು ಕೇಳಬೇಡಿ, ನೆರೆಯವರನ್ನು ಕೇಳಿ. ಬದಲಿಸಬೇಕೆನಿಸಿದರೆ ನಂಬರು ಹಾಗೆಯೇ ಉಳಿಸಿಕೊಂಡು ಬದಲಿಸಬಹುದು, 1900ಕ್ಕೆ ಒಂದು ಎಸ್.ಎಂ.ಎಸ್. ಕಳುಹಿಸಿದರೆ ಅದರ ಆರಂಭ. ನೆರೆಮನೆಯವರ ನಂಬರನ್ನೂ ಬರೆದಿಟ್ಟುಕೊಳ್ಳಿ. ಆ ಹಳೆಯ ‘ಪಿ.ಪಿ.’ ನಂಬರು ಇಂದಿಗೂ ಕೆಲಸಕ್ಕೆ ಬರುತ್ತದೆ ಎಂಬುದನ್ನು ಕಾರ್ಕಳದ ಅಜ್ಜಿಯ ಜ್ವರವೇ ತೋರಿಸಿಕೊಟ್ಟಿತಲ್ಲ!

ಮೊನ್ನೆ ಆ ಹುಡುಗ ಮತ್ತೆ ಸಿಕ್ಕಿದ್ದ. ಅಜ್ಜಿಗೆ ವರ್ಷವಿಡೀ ನಡೆಯುವ ಮಾತಿನ ಪ್ಯಾಕು ಹಾಕಿಸಿದ್ದಾನೆ. ಈಗ ದಿನವೂ ಸಂಜೆ ಅಜ್ಜಿಯೇ ಫೋನು ಮಾಡುತ್ತಾರಂತೆ. “ಅವರ ತುಳು ನನಗೆ ಅರ್ಧ ಅರ್ಥವಾಗುವುದಿಲ್ಲ ಅಂಕಲ್, ಆದರೂ ಇಡಲು ಬಿಡುವುದಿಲ್ಲ” ಎಂದು ನಕ್ಕ. ಇಡಬೇಡ ಮಾರಾಯ, ಎಂದೆ. ವಾಕೋಲಾದ ಬೂತಿನಲ್ಲಿ ಮೀಟರು ನೋಡುತ್ತ ಮೂರು ನಿಮಿಷಕ್ಕೆ ಮಾತು ಕತ್ತರಿಸಿದವರಿಗೆ ಗೊತ್ತು, ಹೇಳದೆ ಉಳಿದ ಮಾತುಗಳು ಎಷ್ಟಿದ್ದವೆಂದು. ನಿನಗೆ ಮೀಟರಿಲ್ಲ. ಅರ್ಥವಾಗದ ಅರ್ಧವನ್ನು ಅವರನ್ನೇ ಕೇಳಿ ತಿಳಿದುಕೋ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ. ನಿಮ್ಮ ಮನೆಯ ಅಜ್ಜ ಅಜ್ಜಿಯರ ಫೋನಿನ ಅನುಭವಗಳನ್ನು ಬರೆದು ಕಳುಹಿಸಿ. ಕನ್ನಡದಲ್ಲಿ ತಪ್ಪಾದರೂ ಚಿಂತೆಯಿಲ್ಲ, ತಿದ್ದಲು ನಾವಿದ್ದೇವೆ.